ಆನೆ ಫಲಕಗಳಿಗೆ ಅಗುಳಿ ಹಾಕುವ ಜೋವಿಟಾ

ಒಂದೂರಿನಲ್ಲಿ ಒಂದು ಬಾಗಿಲಿತ್ತಂತೆ. ಅದಕ್ಕೆ ಹದಿನಾಲ್ಕು ಸಾವಿರ ಚಿಲಕ. ಹಾಕಿದವನಿಗೆ ವಯಸ್ಸಾಯಿತು, ಯಾವ ಚಿಲಕ ಏನನ್ನು ಹಿಡಿದು ನಿಲ್ಲಿಸಿದೆಯೋ ಉಳಿದವರಿಗೆ ತಿಳಿಯದು. ಮುಟ್ಟಿದರೆ ಬಾಗಿಲೇ ಕಳಚೀತೆಂಬ ಭಯ, ಬಿಟ್ಟರೆ ಕಳ್ಳ ನುಗ್ಗಿಯಾನೆಂಬ ಭಯ. ಆಗ ಒಬ್ಬ ಹೆಣ್ಣುಮಗಳು, ಕಾಫಿ ಹಣ್ಣಾಗುವುದರೊಳಗೆ ನಾನು ಸರಿಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಳಂತೆ.

ಆ ಹೆಣ್ಣುಮಗಳು ಈಗ ಹಾನುಬಾಳಿನ ತಮ್ಮ ಅಡುಗೆಮನೆಯಲ್ಲಿ ಕೂತಿದ್ದಾರೆ. ಬೆಳಗಿನ ಐದೂವರೆ. ಒಲೆಯ ಮೇಲೆ ಕಡುಬು ಬೇಯುತ್ತಿದೆ, ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿದೆ. ಹೆಸರು ಜೋವಿಟಾ, ವಯಸ್ಸು ನಲವತ್ತೊಂದು, ಹಗಲು ಶಾಲೆಯಲ್ಲಿ ಕಂಪ್ಯೂಟರ್ ಪಾಠ. ಇವತ್ತು ಅವರಿಗೆ ಉಳಿದಿರುವುದು ಒಂದೇ ಒಂದು ಫಲಕ.

ಸಕಲೇಶಪುರ, ಆಲೂರು ಬೆಟ್ಟಗಳ ಎಸ್ಟೇಟ್ ದಾರಿಗಳಲ್ಲಿ ಬೆಳೆಗಾರರ ಒಂದು ಸಣ್ಣ ಕೂಟ ನಲವತ್ತೆರಡು ಫಲಕಗಳನ್ನು ನಿಲ್ಲಿಸಿದೆ. ಆನೆ ಹಿಂಡು ಎಲ್ಲಿದೆಯೆಂದು ಅವು ಪೇಟೆಯ ಒಂದು ಕಂಪ್ಯೂಟರನ್ನು ಕೇಳಿ, ಬಂದ ಉತ್ತರವನ್ನು ಕೆಂಪಕ್ಷರದಲ್ಲಿ ತೋರಿಸುತ್ತವೆ. ಉತ್ತರ ಕೊಟ್ಟದ್ದು ಆ ಕಂಪ್ಯೂಟರೇ ಹೌದೇ, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲವೇ ಎಂದು ನೋಡಿಕೊಳ್ಳುವುದು ಫಲಕದೊಳಗಿನ ‘ಅಗುಳಿ’. ಅದು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡು. ಹದಿನೈದು ವರ್ಷದ ಹಿಂದೆ ಬರೆದವರು ಸಕಲೇಶಪುರದ ಪಿಯೂಸ್, ಟೆಲಿಫೋನ್ ಇಲಾಖೆಯ ನಿವೃತ್ತ ಎಂಜಿನಿಯರು. ಹದಿನಾಲ್ಕು ಸಾವಿರ ಸಾಲು, ಎಲ್ಲವೂ ಒಂದೇ ಕಡತದಲ್ಲಿ.

ಕಳೆದ ವರ್ಷ ಅದರಲ್ಲೊಂದು ತೂತು ಸಿಕ್ಕಿತು. ಮನಸ್ಸು ಮಾಡಿದವನು ‘ಆನೆ ಇಲ್ಲ’ ಎಂಬ ಸುಳ್ಳನ್ನು ಫಲಕದಲ್ಲಿ ಬರೆಸಬಹುದಿತ್ತು. ಈ ವರ್ಷದ ಕೊಯ್ಲಿನೊಳಗೆ ಸರಿಹೋಗದಿದ್ದರೆ ಎಲ್ಲ ಫಲಕಗಳನ್ನೂ ಆರಿಸುವುದೆಂದು ಕೂಟ ತೀರ್ಮಾನಿಸಿತು. ಕೊಯ್ಲೆಂದರೆ ಮಬ್ಬುಗತ್ತಲಲ್ಲೇ ನೂರಾರು ಹೆಂಗಸರು ತೋಟದ ದಾರಿ ಹಿಡಿಯುವ ಕಾಲ. ಪಿಯೂಸರ ಕಣ್ಣಿಗೆ ಪೊರೆ ಬಂದಿತ್ತು. ಜೋವಿಟಾ ಒಪ್ಪಿಕೊಂಡರು.

ದಿನಕ್ಕೆ ನಲವತ್ತು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಎರಡು ಕಡೆ ಬರೆದದ್ದನ್ನು ಒಂದು ಮಾಡುವುದು, ದೊಡ್ಡದನ್ನು ಒಡೆಯುವುದು, ಸತ್ತದ್ದನ್ನು ಕಿತ್ತೆಸೆಯುವುದು. ಪ್ರತಿ ಬದಲಾವಣೆಗೂ ಆರುನೂರ ಹನ್ನೊಂದು ಪರೀಕ್ಷೆ. ಆಗಸ್ಟಿನಲ್ಲಿ ಅವರು ಯಾವ ಟಿಪ್ಪಣಿಯೂ ಇಲ್ಲದ ನಾಲ್ಕು ಸಾಲುಗಳನ್ನು ಕಸವೆಂದು ಅಳಿಸಿದರು. ಪರೀಕ್ಷೆಗಳೆಲ್ಲ ಪಾಸಾದವು. ಹೊಸ ಅಗುಳಿಯನ್ನು ಮನೆಯ ಹತ್ತಿರದ ಎಸ್ಟೇಟಿನಲ್ಲಿ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಮುಂದಿದ್ದ ಫಲಕಕ್ಕೆ ಮೊದಲು ಹಾಕಿದರು.

ಅದೇ ವಾರ ಮೂರು ದಿನ ಕರೆಂಟು ಹೋಯಿತು. ಬಂದ ಮೇಲೆ ಫಲಕ ಬರಿದಾಗಿಯೇ ಉಳಿಯಿತು. ಏನೂ ಬರೆದಿಲ್ಲ ಎಂದರೆ ಆನೆಯೂ ಇಲ್ಲ ಎಂದುಕೊಂಡು ಲೈನಿನ ಹೆಂಗಸರು ಹೊರಟೇಬಿಟ್ಟರು. ಮೂವತ್ತು ವರ್ಷದಿಂದ ಕಾಫಿ ಗಿಡದ ಬೇಡದ ರೆಂಬೆ ಕತ್ತರಿಸುವ ಕಸಿ ಕೆಲಸ ಮಾಡುತ್ತಿರುವ ವಿಶಾಲಮ್ಮ ಮುಂದಿದ್ದರು. ತಿರುವಿನಲ್ಲಿ ಅವರ ಕಾಲಿಗೆ ಸಿಕ್ಕಿದ್ದು ಇನ್ನೂ ಹಬೆಯಾಡುವ ಲದ್ದಿ. ಎಲ್ಲರನ್ನೂ ಸದ್ದಿಲ್ಲದೆ ಹಿಂದಕ್ಕೆ ಕರೆತಂದು, ನೇರ ಜೋವಿಟಾರ ಬಾಗಿಲಿಗೆ ಬಂದರು. “ನಿಮ್ಮ ಬೋರ್ಡು ಮೂಗಿ ಆಗ್ಬುಟ್ಟೈತೆ ಕಣವ್ವ,” ಎಂದರು.

ಜೋವಿಟಾ ಪಿಯೂಸರಿಗೆ ಫೋನು ಮಾಡಿದರು. ಬ್ಯಾಟರಿ ಪೂರ್ತಿ ಇಳಿದರೆ ಫಲಕ ತಾರೀಖನ್ನೇ ಮರೆತು ಐವತ್ತು ವರ್ಷ ಹಿಂದಕ್ಕೆ ಹೋಗುತ್ತದೆ, ಪೇಟೆಯ ಕಂಪ್ಯೂಟರು ತೋರಿಸುವ ಗುರುತಿನ ಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇರುವುದಿಲ್ಲ, ಹಾಗಾಗಿ ಮಾತೇ ಬೇಡವೆಂದು ಸುಮ್ಮನಾಗುತ್ತದೆ ಎಂದು ಅವರು ವಿವರಿಸಿದರು. ಕೊನೆಗೆ ಕಂಡ ತಾರೀಖನ್ನು ಬರೆದಿಟ್ಟು, ಅದಕ್ಕಿಂತ ಹಿಂದೆ ಹೋಗದಂತೆ ತಡೆಯುತ್ತಿದ್ದದ್ದೇ ಆ ನಾಲ್ಕು ಸಾಲು. ಹಾಗಾದರೆ ಒಂದು ಟಿಪ್ಪಣಿಯಾದರೂ ಬೇಡವೇ ಎಂದು ಕೇಳಿದ್ದಕ್ಕೆ ಪಿಯೂಸ್, ಕೊಂಕಣಿಯಲ್ಲಿ ಮಗಳನ್ನು ಕರೆಯುವಂತೆ, “ನಂಗೆ ಗೊತ್ತಿತ್ತಲ್ಲ ಬಾಯೆ, ಮತ್ಯಾರಿಗೆ ಬರೀಲಿ?” ಎಂದರು.

ಜೋವಿಟಾ ಕೆಲಸ ಬಿಟ್ಟೇಬಿಡುವ ಮಾತಾಡಿದರು. ಸಮಾಧಾನ ಹೇಳಲು ವಿಶಾಲಮ್ಮನಿಗೆ ಬರುವುದಿಲ್ಲ. ಅವರಿಗೆ ಬರುವುದು ಗಿಡ. “ಕತ್ತರಿ ಹಾಕೋಕ್ ಮುಂಚೆ ಗಿಡನ ಒಂದ್ ಸುತ್ತು ಬರ್ಬೇಕು. ಈ ಕಡೆಯಿಂದ ಒಣಗ್ದಂಗೆ ಕಾಣೋ ರೆಂಬೆ ಆ ಕಡೆ ಕಾಯಿ ಹಿಡ್ದಿರ್ತೈತೆ. ನೀವು ನಿಂತ್ ಕಡೆಯಿಂದ್ಲೇ ಕತ್ರಿಸ್ಬುಟ್ರಿ, ಅಷ್ಟೆಯ.”

ಅಂದಿನಿಂದ ಜೋವಿಟಾ ಸುತ್ತು ಬರುತ್ತಾರೆ. ಅಳಿಸುವ ಮೊದಲು ಆ ಸಾಲನ್ನು ಕೋಡಿನ ಯಾವ್ಯಾವ ಭಾಗ ಬಳಸುತ್ತದೆಂದು ಹುಡುಕಿ, ಸುಳಿವು ಸಿಗದಿದ್ದರೆ ಪಿಯೂಸರನ್ನು ಕೇಳಿ, ಕಾರಣವನ್ನು ಅದರ ತಲೆಯ ಮೇಲೆಯೇ ಬರೆಯುತ್ತಾರೆ. ಆ ನಾಲ್ಕು ಸಾಲು ಮರಳಿ ಬಂದವು, ತೂತು ಮುಚ್ಚಿತು. ಹದಿನಾಲ್ಕು ಸಾವಿರ ಸಾಲು ಒಂಬತ್ತು ಸಾವಿರಕ್ಕೆ ಇಳಿಯಿತು. ಆನೇಮಹಲು ಊರಿನಿಂದ ಶುರುವಾಗಿ ಒಂದೊಂದೇ ಫಲಕಕ್ಕೆ ಹೊಸ ಅಗುಳಿ ಬಿತ್ತು. ತಪ್ಪು ನಡೆದಿದ್ದ ಲೈನಿನ ಮುಂದಿನ ಫಲಕಕ್ಕೆ ಹಳೆಯ ಅಗುಳಿಯನ್ನೇ ಮರಳಿಸಿ, ಅದನ್ನು ಮಾತ್ರ ಅವರು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಾರೆ.

ಆರು ಗಂಟೆ, ಲೈನಿನ ಮುಂದೆ. ನಾಳೆಯಿಂದ ಕೊಯ್ಲು. ಅಗುಳಿ ಹಾಕಿ ಮುಗಿಸಿದ ಜೋವಿಟಾ ಕರೆಂಟು ತಪ್ಪಿಸಿ, ಫಲಕದ ಬ್ಯಾಟರಿಯನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಅದು ಎಲ್ಲವನ್ನೂ ಮರೆಯಲಿ ಎಂದು ಹತ್ತು ನಿಮಿಷ ಕಾಯುತ್ತಾರೆ. ಮತ್ತೆ ಸಿಕ್ಕಿಸುತ್ತಾರೆ. ಹೆಂಗಸರು ಬುತ್ತಿ ಹಿಡಿದು ಸುತ್ತ ನೆರೆದಿದ್ದಾರೆ. ಒಂದು ಚುಕ್ಕಿ ಮಿನುಗುತ್ತದೆ, ಆರುತ್ತದೆ, ಮತ್ತೆ ಮಿನುಗುತ್ತದೆ. ಆಮೇಲೆ ಅಕ್ಷರಗಳು ಮೂಡುತ್ತವೆ: ‘ಕೆರೆ ಏರಿ ಮೇಲೆ ಮೂರು ಆನೆ. ಎಂಟರವರೆಗೆ ಹೋಗಬೇಡಿ.’

ವಿಶಾಲಮ್ಮ ಗಟ್ಟಿಯಾಗಿ ಎರಡು ಸಲ ಓದುತ್ತಾರೆ. “ಕೂತ್ಕಳ್ರೇ, ಎಂಟರ ತಂಕ ಬಿಡುವು,” ಎನ್ನುತ್ತಾರೆ. ನಗುತ್ತಾ ಎಲ್ಲರೂ ಕಟ್ಟೆಯ ಮೇಲೆ ಕೂರುತ್ತಾರೆ. ಜೋವಿಟಾ ಸ್ವಲ್ಪ ದೂರ ಸರಿದು ಪಿಯೂಸರಿಗೆ ಫೋನು ಹಚ್ಚುತ್ತಾರೆ.

“ನಲವತ್ತೆರಡೂ ಆಯ್ತು, ಅಂಕಲ್.”