ಅಂಚೆಯಕ್ಕನ ಆರು ವಾರ

ಬೀದಿಯ ಮಕ್ಕಳಿಗೆಲ್ಲ ಅವಳು ಅಂಚೆಯಕ್ಕ. ಹದಿನೇಳು ವರ್ಷ ಸೈಕಲ್ ತುಳಿದು ಕಾಗದ ಹಂಚಿದವಳು. ಸೀಟಿನ ಮೇಲೆ ಕೂತಾಗಲೆಲ್ಲ ಯೋನಿಯ ಒಳತುಟಿ ಮಡಚಿ, ಉಜ್ಜಿ, ಸಂಜೆಗೆ ಉರಿಯೆದ್ದು ಜೀವ ಹೋದಂತಾಗುತ್ತಿತ್ತು. ತನ್ನ ಮೈಯಲ್ಲೇ ಏನೋ ಐಬಿದೆ ಎಂದುಕೊಂಡು ನಲವತ್ತೊಂದು ತುಂಬುವವರೆಗೂ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

ಕೊನೆಗೆ ಹೇಳಿದ್ದು ಡಾಕ್ಟರಮ್ಮನಿಗೆ. ಆಕೆ ಪರೀಕ್ಷಿಸಿ, ಕೈ ತೊಳೆದು ಬಂದು ಎದುರು ಕೂತರು.

"ಎಲ್ಲರದ್ದೂ ಒಂದೇ ಥರ ಇರಲ್ಲಮ್ಮ. ನಿಮ್ಮದು ಸರಿಯಾಗೇ ಇದೆ. ಚೆಂದ ಕಾಣ್ಲಿ ಅಂತಾದ್ರೆ ಬೇಡ ಅಂತೀನಿ. ನೋವಿಗೆ ಅಂದ್ರೆ ಮಾಡಬಹುದು."

"ಏನು ಮಾಡ್ತೀರ?"

"ಜಾಸ್ತಿ ಇರೋ ಅಂಚು ಕತ್ತರಿಸಿ, ತಾನೇ ಕರಗೋ ದಾರದಲ್ಲಿ ಹೊಲಿತೀವಿ. ಆ ಜಾಗ ಅಷ್ಟೇ ಮರಗಟ್ಟಿಸೋ ಇಂಜೆಕ್ಷನ್. ಒಂದು ಗಂಟೆ ಕೆಲಸ. ಆದ್ರೆ ಕತ್ತರಿಸಿದ್ದು ಮತ್ತೆ ಬರಲ್ಲ. ಸೋಂಕಾಗಬಹುದು, ಸ್ಪರ್ಶ ಕಮ್ಮಿ ಆಗಬಹುದು. ಯೋಚನೆ ಮಾಡಿ ಬನ್ನಿ."

ಎರಡು ತಿಂಗಳು ಯೋಚಿಸಿದಳು. ತನ್ನ ಒಡಹುಟ್ಟಿದ ಅಕ್ಕನಿಗೆ ಹೇಳಿದಾಗ, ಬಟ್ಟೆ ಮಡಚುತ್ತಿದ್ದ ಅವಳು ತಲೆ ಎತ್ತದೆ ಅಂದಳು: "ನಂದೂ ಹಾಗೇ ಇದೆ ಕಣೆ. ನಾನೊಬ್ಬಳೇ ಹೀಗೆ ಅಂದ್ಕೊಂಡಿದ್ದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ನೀನೂ ಮಾಡಿಸ್ಕೊ, ಜೊತೇಲಿ ಹೋಗೋಣ."

"ನಾನ್ಯಾಕೆ? ನನಗೇನು ನೋವಾ, ಸೈಕಲ್ಲಾ?"

ಅಕ್ಕ ಜೊತೆಗೆ ಮಾತ್ರ ಬಂದಳು. ಆಪರೇಷನ್ ಮೇಜಿನ ಮೇಲೆ, ಮನಸ್ಸು ಹಗುರಾಗಲೆಂದು ಕೊಟ್ಟ ಮದ್ದಿಗೆ ದೀಪದ ಬೆಳಕು ಹಾಲಿನಂತೆ ಹರಡಿಕೊಂಡಿತು. ಪರದೆಯಾಚೆ ಕತ್ತರಿಯ ಸದ್ದು ಯಾರದೋ ಮನೆಯದೆನಿಸಿತು. ತಾನು ಪೆಡಲು ತುಳಿಯದೆಯೇ ಬೀದಿಗಳಲ್ಲಿ ತೇಲಿಹೋದಂತೆ, ಬಾಗಿಲುಗಳು ತಾವೇ ತೆರೆದು ಕಾಗದ ಈಸಿಕೊಂಡಂತೆ.

ಮೊದಲ ವಾರ ಬಾವು. ಕೂತರೂ ಕಷ್ಟ, ನಿಂತರೂ ಕಷ್ಟ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಸಡಿಲ ಲಂಗ, ಅಕ್ಕನ ಬೈಗುಳ. ಕಿಟಕಿಯ ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಎರಡನೇ ವಾರ ಒಂದು ಹೊಲಿಗೆ ಬಿಚ್ಚಿಕೊಂಡಿತು. ಡಾಕ್ಟರಮ್ಮ ನೋಡಿ, ತಾನೇ ಕೂಡಿಕೊಳ್ಳುತ್ತದೆ ಎಂದರು. ನಿಧಾನವಾಗಿ ಕೂಡಿಕೊಂಡಿತು.

ಆರು ವಾರ ಕಳೆದು ಸೈಕಲ್ ಹತ್ತಿದಳು. ಉರಿ ಇರಲಿಲ್ಲ. ಎಡಗಡೆ ಬೆರಳಗಲ ಜಾಗ ಮಾತ್ರ ಮುಟ್ಟಿದರೂ ತಿಳಿಯದಂತೆ ಮಂಕಾಗಿ ಉಳಿದಿತ್ತು. ಸರಿಹೋಗಲು ತಿಂಗಳುಗಟ್ಟಲೆ ಹಿಡಿಯಬಹುದು, ಸರಿಹೋಗದೆಯೂ ಇರಬಹುದು ಎಂದರು ಡಾಕ್ಟರಮ್ಮ. ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಸ್ನಾನದ ಬಿಸಿನೀರು ಆ ಮಂಕಾದ ಜಾಗಕ್ಕೆ ತಾಗಿದ್ದು ಅವಳಿಗೆ ಗೊತ್ತಾಯಿತು. ಇನ್ನೊಂದು ಚೊಂಬು ಸುರಿದುಕೊಂಡು, ಹಾಗೇ ನಿಂತಳು.