ಅಕ್ಕನ ಎಂಜಲು

ಮೊನ್ನೆ ನಮ್ಮ ಫ್ರಿಜ್ಜು ಕೆಟ್ಟಿತು. ರಿಪೇರಿಯವನು ಬರುವುದರೊಳಗೆ ಒಳಗಿದ್ದುದನ್ನೆಲ್ಲ ಹೊರಗಿಡೋಣವೆಂದು ಕೂತವನಿಗೆ, ಸೊಪ್ಪಿನ ಡಬ್ಬದ ಹಿಂದೆ ನೀಲಿ ಮುಚ್ಚಳದ ಪ್ಲಾಸ್ಟಿಕ್ ಕೊಳವೆಯೊಂದು ಸಿಕ್ಕಿತು. ಕಿರುಬೆರಳಿನಷ್ಟಿತ್ತು. ಒಳಗೇನೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಹೆಂಡತಿ ಬಂದು ನೋಡಿ, ಫ್ರಿಜ್ಜಿಗಿಂತ ಮೊದಲು ನಿಮ್ಮನ್ನು ರಿಪೇರಿಗೆ ಕೊಡಬೇಕು ಎಂದಳು. ಒಂದು ಸಲ ಕೊಟ್ಟು ತಂದಾಗಿದೆಯಲ್ಲ ಎಂದೆ.

ಆ ರಿಪೇರಿಯ ಸಂಗತಿಯನ್ನೇ ನಿಮಗೆ ಹೇಳಬೇಕು. ಎರಡು ವರ್ಷದ ಕೆಳಗೆ ನನ್ನ ದೊಡ್ಡ ಕರುಳಿನಲ್ಲಿ ಕ್ಯಾನ್ಸರು ಕಾಣಿಸಿಕೊಂಡಿತು. ಡಾಕ್ಟರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಜೋಡಿಸಿ, ಇನ್ನು ಕೆಲವು ತಿಂಗಳು ಕೀಮೋ ಎಂದರು. ಆ ಔಷಧಿಯ ಒಂದು ಚೇಷ್ಟೆಯೆಂದರೆ, ಅದು ಮೈಗೆ ಇಳಿದ ಮೇಲೆ ತಣ್ಣಗಿರುವ ಏನನ್ನು ಮುಟ್ಟಿದರೂ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ. ಹಾಗಾಗಿ ಫ್ರಿಜ್ಜು ನನ್ನ ಪಾಲಿಗೆ ಇಲ್ಲವಾಯಿತು. ಹೆಂಡತಿ ಮದ್ದೂರಿನ ಶಾಲೆಯಲ್ಲಿ ಟೀಚರು. ಬೆಳಗಿನ ರೈಲಿಗೆ ಹೊರಟರೆ ಬರುವುದು ಸಂಜೆಗೇ. ನನ್ನನ್ನು ನೋಡಿಕೊಳ್ಳಲು ಮಳವಳ್ಳಿ ಕಡೆಯ ಹಳ್ಳಿಯಿಂದ ನನ್ನಕ್ಕ ಜಯಮ್ಮ ಗುತ್ತಲಿನ ನಮ್ಮ ಮನೆಗೆ ಬಂದಳು.

ನೀವು ರೇಷ್ಮೆ ಹುಳು ಸಾಕುವವರ ಮನೆಗೆ ಹೋಗಿದ್ದೀರೋ ಇಲ್ಲವೋ. ಅಲ್ಲಿ ಕೈಕಾಲು ತೊಳೆಯದವರಿಗೆ ಪ್ರವೇಶವಿಲ್ಲ, ಹುಳು ಪೊರೆ ಬಿಡಲು ಕೂತಾಗ ಹತ್ತಿರ ಸುಳಿಯುವಂತಿಲ್ಲ. ಹುಳುವನ್ನು ಸೊಸೆಗೆ ಒಪ್ಪಿಸಿ ಬಂದಿದ್ದ ಅಕ್ಕ ನನ್ನನ್ನೇ ಒಂದು ದೊಡ್ಡ ಹುಳುವೆಂದು ತಿಳಿದು ಸಾಕತೊಡಗಿದಳು. ನೋಡಲು ಬಂದವರನ್ನೆಲ್ಲ ಬಚ್ಚಲಿಗೆ ಕಳಿಸಿ ಕೈಕಾಲು ತೊಳೆಸಿದಳು. ಬಸರಾಳಿನ ಬೀಗರೊಬ್ಬರು ಬ್ರೆಡ್ಡು ಹಿಡಿದು ಬಂದು, ತಮ್ಮ ಸೋದರಮಾವನಿಗೂ ಇದೇ ಕಾಯಿಲೆ ಬಂದ ಕಥೆಯನ್ನು ಬಹಳ ಉತ್ಸಾಹದಿಂದ ಶುರುಮಾಡಿದರು. ಅರ್ಧಕ್ಕೆ ಬಂದಾಗ ಕಥೆ ಹೇಗೆ ಮುಗಿಯುತ್ತದೆಂಬುದು ಅವರಿಗೇ ನೆನಪಾಗಿ ಬಾಯಿ ಕಟ್ಟಿತು. ಅಕ್ಕ ಅವರಿಗೆ ಕಾಫಿ ಕೊಟ್ಟು ಬೇಗನೆ ಸಾಗಹಾಕಿದಳು.

ಇದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಅಧ್ಯಯನಕ್ಕೆ ಸೇರಲು ನನ್ನನ್ನು ಒಪ್ಪಿಸಿದಳು. ಮನಸ್ಸಿಗೆ ಸಂಕಟವಾದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದಂತೆ, ಅದು ಎಂಜಲಿನಲ್ಲೂ ಸಿಗುತ್ತದಂತೆ. ನಮ್ಮಂಥ ಕರುಳಿನ ರೋಗಿಗಳಲ್ಲಿ ಅದು ಹೇಗಿರುತ್ತದೆಂದು ಅವಳು ನೋಡಬೇಕಿತ್ತು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಕುಡಿಯುವ ಮೊದಲು, ಕೊಳವೆಗೆ ಉಗುಳಿ ಫ್ರಿಜ್ಜಿನಲ್ಲಿಡಬೇಕು. ಮುಂದಿನ ಕೀಮೋಗೆ ಬರುವಾಗ ತರಬೇಕು. ಜೊತೆಗೆ, ಸಂಕಟ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಒಂದು ಪಟ್ಟಿಯ ಮೇಲೆ ಗುರುತು ಹಾಕಬೇಕು. ನಾನು ಪ್ರತಿ ಸಲವೂ ಸೊನ್ನೆಗೇ ಹಾಕಿದೆ. ಮೀಸೆ ಹೊತ್ತ ಗಂಡಸಲ್ಲವೇ?

ಹಾಲು ಮೊಸರಿನ ಪಕ್ಕ ಎಂಜಲು ಇಡುವುದೆಂದರೆ ಅಕ್ಕನಿಗೆ ಮೈ ಉರಿಯಿತು. ಕೊನೆಗೆ ಕೊಳವೆಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಅದನ್ನು ಬಟ್ಟೆಯಲ್ಲಿ ಸುತ್ತಿ, ಸೊಪ್ಪಿನ ಹಿಂದೆ ಇಡಲು ಒಪ್ಪಿದಳು. ಇದರಿಂದ ಏನು ಗೊತ್ತಾಗುತ್ತದೆ ಎಂದು ಒಂದು ದಿನ ಕೇಳಿದಳು. ನನ್ನ ಎದೆ ಎಷ್ಟು ಗಟ್ಟಿಯಿದೆ ಅಂತ ಗೊತ್ತಾಗುತ್ತದೆ ಎಂದು ಸೋಮಾರಿತನದಿಂದ ಹೇಳಿ ಮಗ್ಗುಲು ಬದಲಿಸಿದೆ.

ಮಾದರಿ ತರುವವರ ಮನಸ್ಸು ನನಗೆ ತಿಳಿಯದ್ದೇನಲ್ಲ. ನಿವೃತ್ತಿಯವರೆಗೂ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿದವನು ನಾನು. ಗದ್ದೆಯ ನಾಲ್ಕು ಮೂಲೆಯ ಮಣ್ಣು ತನ್ನಿ ಎಂದರೆ ನಮ್ಮ ರೈತರು ತಿಪ್ಪೆ ಪಕ್ಕದ ಕಪ್ಪು ಮಣ್ಣನ್ನು ತುಂಬಿಕೊಂಡು ಬರುತ್ತಿದ್ದರು. ಯಾಕಯ್ಯ ಎಂದರೆ, ಚೆನ್ನಾಗಿರೋದನ್ನ ತಾನೇ ತೋರಿಸಬೇಕು ಸ್ವಾಮಿ ಎನ್ನುತ್ತಿದ್ದರು. ಹೆಣ್ಣು ತೋರಿಸುವ ಶಾಸ್ತ್ರದಂತೆ ಅವರಿಗೆ ಅದೂ ಒಂದು ಮರ್ಯಾದೆಯ ಪ್ರಶ್ನೆ.

ಕೀಮೋ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಕುಸಿದೆ. ಬಾಯಿ ತುಂಬ ಹುಣ್ಣು. ಹೊಟ್ಟೆ ಗುಡುಗುಟ್ಟಿದರೆ ಸಾಕು, ಮತ್ತೆ ಬಂತೇನೋ ಎಂಬ ಭಯ. ಗೋಡೆಗೆ ಮುಖ ಮಾಡಿ ಮಲಗಿದರೆ ಪೇಪರು ಬೇಡ, ಮಾತು ಬೇಡ. ಕೊಳವೆಗೆ ಉಗುಳುವುದನ್ನೂ ಬಿಟ್ಟೆ. ಮುಂದಿನ ಕೀಮೋ ಹೇಗೋ ಮುಗಿಯಿತು, ಅಂದೂ ಪಟ್ಟಿಯ ಮೇಲೆ ಅಭ್ಯಾಸದಂತೆ ಸೊನ್ನೆಗೇ ಗುರುತು ಹಾಕಿದೆ. ಅದರ ಮುಂದಿನದು ಮಾತ್ರ ಸಾಧ್ಯವೇ ಇಲ್ಲ, ಆಗಿದ್ದಾಗಲಿ ಎಂದು ಮನೆಯಲ್ಲಿ ಹೇಳಿಬಿಟ್ಟೆ. ಅರ್ಧಕ್ಕೆ ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹೆಂಡತಿ ಬೇಡಿಕೊಂಡಳು, ಅತ್ತಳು. ಕೊನೆಗೆ, ಆ ಮಾತನ್ನು ಡಾಕ್ಟರ ಎದುರಿಗೇ ಹೇಳಿ ಬನ್ನಿ ಎಂದಳು. ಅಕ್ಕ ನನ್ನ ಜೊತೆ ಆಸ್ಪತ್ರೆಗೆ ಹೊರಟಳು.

ಕೀಮೋ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಸಂಶೋಧನೆಯ ಹುಡುಗಿ ಬಂದಳು. ಹೋದ ಸಲ ಕೊಟ್ಟ ಕೊಳವೆಗಳಲ್ಲಿ ಕಾರ್ಟಿಸಾಲ್ ತೀರಾ ಹೆಚ್ಚು ಬಂದಿದೆ, ನೀವು ನೋಡಿದರೆ ಸೊನ್ನೆ ಹಾಕಿದ್ದೀರಿ, ಏನಾದರೂ ಕಷ್ಟವಿದೆಯಾ ಎಂದು ಮೆಲ್ಲಗೆ ಕೇಳಿದಳು. ಹೋದ ಸಲ ನಾನು ಕೊಳವೆ ಕೊಟ್ಟೇ ಇರಲಿಲ್ಲವಲ್ಲ ಎಂದುಕೊಂಡು ಅಕ್ಕನ ಕಡೆ ತಿರುಗಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅದು ನಂದು ಕಣವ್ವ," ಎಂದಳು ಆ ಹುಡುಗಿಗೆ. "ಇವ್ನು ಗ್ವಾಡೆ ಕಡೀಕ್ ತಿರುಗ್ಕಂಡು ಮನಗಿದ್ದ. ಇವ್ನ ಎದೆ ಒಡ್ದೋಗದೆ ಅಂತ ಗೊತ್ತಾದ್ರೆ ಅವುಸ್ದಿ ನಿಲ್ಲಿಸ್ಬುಡ್ತೀರಿ ಅನ್ಕಂಡೆ. ನಾನು ಗಟ್ಟಿಯಾಗಿವ್ನಿ, ನಂದೇ ಕೊಟ್ರೆ ಚೆಂದಾಗ್ ಬತ್ತದೆ ಅಂತ ತುಂಬ್ಸಿ ತಂದ್ಕೊಟ್ಟೆ. ಒಂದೇ ಒಟ್ಟೇಲಿ ಉಟ್ಟೋರ್ದು ಎಂಜ್ಲು ಬ್ಯಾರೆ ಆದದಾ? ನಾನೇ ಅಗಿದು ತಿನ್ಸಿ ಸಾಕಿದ್ದು ಇವುನ್ನ."

ನನಗೆ ನಗು ಬಂತು. ಹುಡುಗಿ ನಗಲೂ ಇಲ್ಲ, ಬೈಯಲೂ ಇಲ್ಲ. ಆ ಕೊಳವೆಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತೇನೆ ಎಂದು ಹೇಳಿ ಅಕ್ಕನ ಪಕ್ಕದಲ್ಲೇ ಕೂತಳು. "ನಿಮಗೆ ರಾತ್ರಿ ನಿದ್ದೆ ಬರ್ತದಾ ಅಮ್ಮ?" ಎಂದು ಕೇಳಿದಳು.

ಅಷ್ಟು ತಿಂಗಳಲ್ಲಿ ಅಕ್ಕನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಂದವರೆಲ್ಲ ನನ್ನನ್ನು ಕೇಳಿದರು, ಅವಳು ಕೊಟ್ಟ ಕಾಫಿ ಕುಡಿದರು, ಹೋದರು. ಅಕ್ಕ ಉತ್ತರ ಹೇಳಲು ಬಾಯಿ ತೆರೆದಳು. ಅಳು ಬಂತು. "ಇವ್ನು ಓಗ್ಬುಟ್ರೆ ನಂಗ್ಯಾರವ್ವ ಅವ್ರೆ," ಎಂದಳು.

ಒಳಗಿನಿಂದ ನರ್ಸು ನನ್ನ ಹೆಸರು ಕೂಗಿದರು. ಸಾಕು ಎಂದು ಹೇಳಲು ಬಂದಿದ್ದವನು ಎದ್ದುಹೋಗಿ ಕೈ ಚಾಚಿ ಮಲಗಿದೆ. ನನ್ನ ಜೀವದ ಮೇಲೆ ನನಗಿಂತ ಹೆಚ್ಚಿನ ಆಸೆಯನ್ನು ಒಬ್ಬಳು ಇಟ್ಟುಕೊಂಡಿದ್ದಳು. ನನಗದು ಬೇಡ ಎನ್ನುವುದು ಹೇಗೆ? ಅಂದು ಸಂಕಟದ ಪಟ್ಟಿಯ ಮೇಲೆ ಒಂಬತ್ತಕ್ಕೆ ಗುರುತು ಹಾಕಿದೆ. ಹುಡುಗಿ ನಮ್ಮಿಬ್ಬರನ್ನೂ ಆಪ್ತಸಮಾಲೋಚಕರ ಬಳಿಗೆ ಕರೆದುಕೊಂಡು ಹೋದಳು. ಉಳಿದ ಕೀಮೋಗಳು ಕಷ್ಟಪಟ್ಟೇ ಮುಗಿದವು. ಆಮೇಲಿನ ಸ್ಕ್ಯಾನುಗಳಲ್ಲಿ ಇದುವರೆಗೆ ಏನೂ ಕಂಡಿಲ್ಲ. ಡಾಕ್ಟರಿಗೆ, ಆ ಹುಡುಗಿಗೆ, ರೈಲಿನಲ್ಲಿ ನಿಂತು ಓಡಾಡಿದ ಹೆಂಡತಿಗೆ ನಾನು ಋಣಿ. ಅಕ್ಕನಿಗೆ ಏನಾಗಿದ್ದೇನೆಂದು ಹೇಳಲು ಪದ ಹೊಳೆಯುತ್ತಿಲ್ಲ.

ಅಕ್ಕ ಈಗ ಹುಳುಗಳ ಬಳಿಗೆ ಮರಳಿದ್ದಾಳೆ. ದಿನಾ ಬೆಳಿಗ್ಗೆ ಫೋನು ಮಾಡಿ ನಾನು ಉಂಡದ್ದು, ಮಲಗಿದ್ದು ಎಲ್ಲ ವಿಚಾರಿಸುತ್ತಾಳೆ. ಇವತ್ತು ಅವಳಿಗಿಂತ ಮೊದಲು ನಾನೇ ಕೇಳಿದೆ, ನಿನಗೆ ನಿದ್ದೆ ಬಂತಾ ಎಂದು. ನಂಗೇನಾಗದೆ ಬುಡು ಎಂದಳು. ನಾನು ಫೋನು ಇಡಲಿಲ್ಲ. ಆ ಕಡೆಯಿಂದ ಹುಳು ಸೊಪ್ಪು ತಿನ್ನುವ ಸದ್ದು ಮಾತ್ರ ಬರುತ್ತಿತ್ತು.

"ಬರ್ನಿಲ್ಲ ಕಣ್ಲಾ," ಎಂದಳು ಕೊನೆಗೆ. "ನಾಳೀಕ್ ನಿಂದು ಸ್ಕ್ಯಾನ್ ಅದಲ್ವಾ?"

ಅದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

"ನಂಗೂ ಬರ್ನಿಲ್ಲ ಕಣಕ್ಕ," ಎಂದೆ. "ಬಂದ್ಬುಡು."