ಕಿಟಕಿಯಿಂದ ಬಂದ ಮಗು

ಅದು 2001ನೇ ಇಸವಿಯ ಮೇ ತಿಂಗಳು. ಬ್ರಹ್ಮಾವರದ ಹತ್ತಿರವಿರುವ ನನ್ನ ತಂಗಿಯ ಮಗಳಿಗೆ ಆ ಭಾನುವಾರ ಜ್ಞಾನಸ್ನಾನವಾಗಿತ್ತು. ಕೂಸನ್ನು ಇಗರ್ಜಿಗೆ, ನಮ್ಮ ಚರ್ಚಿಗೆ, ಎತ್ತಿಕೊಂಡು ಹೋಗುವ ಜ್ಞಾನತಾಯಿ, ಅಂದರೆ ದೇವರ ಮುಂದೆ ಅದರ ಎರಡನೇ ತಾಯಿ, ನಾನೇ. ಊಟ ಉಪಚಾರವೆಲ್ಲ ಮುಗಿದು, ಮಂಗಳವಾರ ಮಧ್ಯಾಹ್ನ ಬೈಂದೂರಿನ ಕಡೆಗಿರುವ ನನ್ನ ಮನೆಗೆ ಹೊರಟಿದ್ದೆ. ಗಂಡ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಮನೆಯಲ್ಲಿ ಅತ್ತೆ, ನಾನು, ನನ್ನ ಹೊಲಿಗೆ ಮಿಷನ್ನು.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಹೆಂಗಸು. ಬಂಗುಡೆ ಮೀನು ತಗೊಂಡರೂ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿಸಿಕೊಳ್ಳುವವಳಲ್ಲ. ರವಿಕೆ ಬಟ್ಟೆ ತಂದವರು "ಒಂದು ಮೀಟರ್ ಉಂಟು" ಎಂದರೆ ಅವರ ಎದುರೇ ಅಳೆಯುತ್ತೇನೆ. "ನಿನ್ನ ಕೈಗೆ ಸ್ವರ್ಗದ ಬಾಗಿಲು ಕೊಟ್ಟರೆ ಅದಕ್ಕೂ ಚಿಲಕ ಸರಿ ಉಂಟಾ ಅಂತ ನೋಡುತ್ತಿ" ಎಂದು ಅತ್ತೆ ನಗುತ್ತಿದ್ದರು. ನಗಲಿ, ನನಗೇನು?

ಕುಂದಾಪುರದಲ್ಲಿ ಬಸ್ಸು ಬದಲಿಸಿ ಬೈಂದೂರಿನ ಎಕ್ಸ್‌ಪ್ರೆಸ್ ಹತ್ತಿದೆ. ಪುಣ್ಯಕ್ಕೆ ಮುಂದಿನ ಬಾಗಿಲ ಹಿಂದೆಯೇ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಮ್ಮ ಕಡೆಯ ಖಾಸಗಿ ಬಸ್ಸುಗಳ ರೀತಿ ನಿಮಗೆ ಗೊತ್ತಿರಬಹುದು. ನಿಂತವರು ಕೂತವರ ತೊಡೆ ಮೇಲೆ ಚೀಲ ಇಡುತ್ತಾರೆ, ಮಕ್ಕಳನ್ನೂ ಕೂರಿಸುತ್ತಾರೆ. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಇಳಿಯುವಾಗ ಅವರವರದ್ದು ಅವರವರು ಎತ್ತಿಕೊಂಡು ಹೋಗುತ್ತಾರೆ.

ಬಸ್ಸು ಇನ್ನೇನು ಹೊರಡಬೇಕು, ಕಿಟಕಿಯಿಂದ ಒಂದು ಮಗು ಒಳಗೆ ಬಂತು. ಸತ್ಯವಾಗಿ ಹೇಳುತ್ತೇನೆ, ನಾನು ಮೊದಲು ನೋಡಿದ್ದು ಮಗುವನ್ನೇ. ಆಮೇಲೆ ಅದನ್ನು ಹಿಡಿದ ಎರಡು ಕೈ, ಹಸಿರು ಬಳೆ.

"ಅಕ್ಕಾ, ಒಂಚೂರ್ ಹಿಡ್ಕಣಿ, ನಾ ಹತ್ತತೆ" ಎಂದಳು ಕೆಳಗಿದ್ದ ಹೆಂಗಸು. ನಾನು ಹಿಡಿದುಕೊಂಡೆ. ಹಿಡಿದುಕೊಳ್ಳದೆ ಏನು ಮಾಡಲಿ? ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಒಂದೂವರೆ ವರ್ಷದ ಗಂಡು ಮಗು. ಕಾಲಿಗೆ ಬೆಳ್ಳಿ ಗೆಜ್ಜೆ, ಕೆನ್ನೆಗೆ ದೃಷ್ಟಿಬೊಟ್ಟು. ನನ್ನನ್ನು ಒಮ್ಮೆ ನೋಡಿ, ನನ್ನ ಎದೆಗೆ ತಲೆ ಇಟ್ಟು ಮಲಗಿಬಿಟ್ಟಿತು. ತಾಯಿ ಹಿಂದಿನ ಬಾಗಿಲಿನಿಂದ ಹತ್ತಿರಬೇಕು, ಜನರ ಮಧ್ಯೆ ಸಿಕ್ಕಿಕೊಂಡಿರಬೇಕು ಎಂದುಕೊಂಡೆ.

ಹೆಮ್ಮಾಡಿಯಲ್ಲಿ ಕೊಲ್ಲೂರಿಗೆ ಹೋಗುವವರೆಲ್ಲ ಇಳಿದರು. ಬಸ್ಸು ಅರ್ಧ ಖಾಲಿಯಾಯಿತು. ಹಿಂದೆ ತಿರುಗಿ ನೋಡಿದೆ. ಹಸಿರು ಬಳೆಯ ಕೈ ಎಲ್ಲಿಯೂ ಕಾಣಲಿಲ್ಲ.

"ಈ ಮಗುವಿನ ತಾಯಿ ಯಾರು?" ಎಂದು ಕೂಗಿದೆ. ಉತ್ತರವಿಲ್ಲ. ಕೂಡಲೇ ನನ್ನ ಅನುಮಾನ ಹೆಡೆ ಎತ್ತಿತು. ಬೇಕೆಂದೇ ಬಿಟ್ಟು ಹೋದಳಾ? ಆದರೆ ಬಿಟ್ಟು ಹೋಗುವವಳು ಮಗುವಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾಳಾ? ಗೆಜ್ಜೆ ಹಾಕುತ್ತಾಳಾ?

ಕಂಡಕ್ಟರ್ ಬಂದ. "ಎಂತ ಬಾಯಮ್ಮ, ನಿಮ್ದಲ್ದಾ ಮಗು?" ಎಂದ. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ನಡೆದದ್ದು ಹೇಳಿದೆ. "ಆ ಹೆಂಗ್ಸ್ ಹತ್ಲೇ ಇಲ್ಲೆ ಕಾಣಿ. ಬೈಂದೂರಂಗೆ ಪೊಲೀಸ್ ಸ್ಟೇಶನ್ನಿಗ್ ಕೊಡುವ" ಎಂದ.

"ತಾಯಿ ಹಿಂದಿನ ಬಸ್ಸಿನಲ್ಲಿ ಬಂದರೆ? ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನನ್ನು ತ್ರಾಸಿಯಲ್ಲಿ ಇಳಿಸಿ. ಅಲ್ಲಿ ಕಾಯುತ್ತೇನೆ" ಎಂದೆ. ಆಗೇನು ಮೊಬೈಲು ಎಲ್ಲರ ಕೈಯಲ್ಲಿತ್ತಾ? ಕಂಡಕ್ಟರ್ ಬುದ್ಧಿವಂತ. ಎದುರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದ. ಎರಡೂ ಬಸ್ಸು ಹೆದ್ದಾರಿಯಲ್ಲೇ ಪಕ್ಕಪಕ್ಕ ನಿಂತವು. "ಹ್ವಾಯ್, ಸ್ಟ್ಯಾಂಡಂಗೆ ಎಲ್ಲರಿಗೂ ಹೇಳ್. ಮಗು ತ್ರಾಸಿಯಂಗೆ ಒಬ್ರ್ ಬಾಯಮ್ಮನ ಹತ್ರ ಇತ್ ಅಂದೇಳಿ!" ಎಂದು ಕೂಗಿದ. ಹೀಗೆ ನಾನು ಮಗುವಿನ ಜೊತೆ ತ್ರಾಸಿಯಲ್ಲಿ ಇಳಿದೆ.

ಒಂದು ಕಡೆ ಕಡಲು, ಇನ್ನೊಂದು ಕಡೆ ರಸ್ತೆ, ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲು. ಒಂದು ಗೂಡಂಗಡಿ ಇತ್ತು. ಅಂಗಡಿಯ ಮಂಜಣ್ಣ ಎನ್ನುವ ಹಿರಿಯರು "ಒಳ್ಗ್ ಬಂದ್ ಕೂಕಣಿ" ಎಂದು ಬೆಂಚು ತೋರಿಸಿದರು. ಸೋಡಾ ಕುಡಿಯುತ್ತಿದ್ದ ಮೂರ್ನಾಲ್ಕು ಹುಡುಗರು ನನ್ನ ಕಡೆ, ನನ್ನ ಕೊರಳಿನ ಶಿಲುಬೆಯ ಕಡೆ, ಮಗುವಿನ ದೃಷ್ಟಿಬೊಟ್ಟಿನ ಕಡೆ ನೋಡಿದರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆ ಎಂಬ ಗಾಳಿಸುದ್ದಿ ಬೇರೆ.

"ಮಗು ಯಾರ್ದ್?" ಎಂದ ಒಬ್ಬ. ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನಿಸಿತು, ಈ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಕಿಟಕಿಯಿಂದ ಕೊಟ್ಟಳಂತೆ, ಮಾಯವಾದಳಂತೆ!

"ಇಷ್ಟ್ ಗಲಾಟೆ ಆರೂ ಮಗು ಎಂತಕೆ ಏಳುದಿಲ್ಲೆ? ಎಂತಾರೂ ಕುಡ್ಸಿದ್ರಾ?" ಎಂದ ಇನ್ನೊಬ್ಬ. ನನ್ನ ಚೀಲ ಎಳೆದು ಬೆಂಚಿನ ಮೇಲೆ ಸುರಿದೇಬಿಟ್ಟರು. ಸೀರೆ, ತಂಗಿ ಕಟ್ಟಿಕೊಟ್ಟ ತಿಂಡಿಯ ಪೊಟ್ಟಣ, ಅರ್ಧ ಉರಿದ ಮೇಣದ ಬತ್ತಿ, ಒಂದು ಸಣ್ಣ ಬಾಟಲಿ ನೀರು. ಆ ನೀರು ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ್ದು. ಅತ್ತೆಗೆಂದು ತಂದಿದ್ದೆ.

"ಕಾಣಿ, ಕಾಣಿ! ಇದೆಂತ ನೀರ್?"

"ದೇವರ ನೀರು ಮಾರಾಯ್ರೆ, ನಿಮ್ಮ ತೀರ್ಥ ಇದ್ದ ಹಾಗೆ" ಎಂದೆ.

"ಹಾಂಗಾರೆ ನೀವೇ ಕುಡಿನಿ ಕಾಂಬ!"

ನಾನು ಮುಚ್ಚಳ ತೆಗೆದು ಗಟಗಟ ಕುಡಿದೆ. ಹಣೆಗೆ ಹಚ್ಚಿಕೊಳ್ಳುವ ನೀರನ್ನು ಬಾಯಾರಿದವಳ ಹಾಗೆ ಕುಡಿದದ್ದು ಜನ್ಮದಲ್ಲಿ ಅದೊಂದೇ ಸಲ. ದೇವರು ನಕ್ಕಿರಬೇಕು. ಹುಡುಗರು ನಾನು ಈಗ ಬೀಳುತ್ತೇನೆ, ಆಗ ಬೀಳುತ್ತೇನೆ ಎಂದು ನೋಡುತ್ತಾ ನಿಂತರು. ಬಿದ್ದದ್ದು ಬಾಟಲಿ. ಆ ಸದ್ದಿಗೆ ಮಗು ಎದ್ದು ಕುಳಿತು ಜೋರಾಗಿ ಅತ್ತಿತು. ಅದರ ಅಳು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಮಂಜಣ್ಣ ಒಂದು ಬಾಳೆಹಣ್ಣು ಸುಲಿದು ಅದರ ಕೈಗೆ ಕೊಟ್ಟರು.

ಇಷ್ಟಾಗುವಾಗ ಬೈಕಿನಲ್ಲಿ ಒಬ್ಬ ಬಂದ. ಮೂವತ್ತೈದು ನಲವತ್ತರ ಪ್ರಾಯ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಅದರ ಒಂದು ಬದಿ ಮಾತ್ರ ಮುದ್ದೆಯಾಗಿತ್ತು. ಬೈಕು ನಿಲ್ಲಿಸಿದವನೇ ನೇರ ನನ್ನ ಹತ್ತಿರ ಬಂದು "ಕೊಡಿ ಬಾಯಮ್ಮ, ನಮ್ ಮಗು. ನಾನ್ ಇವ್ನ ದೊಡ್ಡಪ್ಪ. ಬಸ್ ಸ್ಟ್ಯಾಂಡಂಗೆ ಸುದ್ದಿ ಸಿಕ್ತ್" ಎಂದು ಕೈ ಚಾಚಿದ.

ಎಲ್ಲರೂ ಉಸ್ಸೆಂದರು. ನಾನೂ ಉಸ್ಸೆನ್ನಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ತಾಯಿ ಎಲ್ಲಿ?"

"ಅದ್ ಹಿಂದ್ ಬತ್ತಿತ್. ಕೊಡಿ, ಹೊತ್ತಾತ್."

"ಬೈಕಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಬರಬಹುದಿತ್ತಲ್ಲ?"

ಅವನ ಮುಖ ಬಿಗಿಯಿತು. ಮಗುವಿನ ಹೆಸರು ಕೇಳಿದೆ, ಕೂಡಲೇ ಹೇಳಿದ. ಆ ಹೆಸರಿಗೆ ಮಗು ತಿರುಗಿಯೂ ನೋಡಿತು, "ದೊದ್ದಪ್ಪ" ಎಂದು ನಕ್ಕಿತು ಕೂಡ. ಇನ್ನೇನು ಸಾಕ್ಷಿ ಬೇಕು? "ಎಂತ ಹೆಂಗ್ಸ್ ಮಾರ್ರೆ ಇದ್! ದೊಡ್ಡಪ್ಪ ಬಂದ್ರೂ ಕೊಡುದಿಲ್ಲೆ ಅಂದ್ರೆ?" ಎಂದು ಹುಡುಗರು ರೇಗಿದರು. "ನಮ್ ಮಗು ಇವ್ರಿಗೆಂತಕೆ?" ಎಂದು ಅವನೂ ದನಿ ಏರಿಸಿದ. ಅವನ ಒಂದು ಕೈ ಮಗುವಿನ ರಟ್ಟೆ ಹಿಡಿದಿತ್ತು.

ಕೊಟ್ಟುಬಿಡಬಹುದಿತ್ತು. ಕೊಟ್ಟಿದ್ದರೆ ಮುಂದಿನ ಬಸ್ಸಿಗೆ ನಾನು ಮನೆಗೆ ಹೋಗುತ್ತಿದ್ದೆ, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಕೊಡದಿದ್ದರೆ ಏನಾಗುತ್ತದೋ, ಆ ಹುಡುಗರ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದು ಕಟ್ಟಳೆ ಉಂಟು. ಜ್ಞಾನಸ್ನಾನ ಮುಗಿಸಿ ಬಂದ ಜ್ಞಾನತಾಯಿ ಮಗುವನ್ನು ತಾಯಿಯ ಕೈಗೇ ಕೊಡಬೇಕು. ಅಂಗಳದಲ್ಲಿ ಅಪ್ಪ ಕೈ ಚಾಚುತ್ತಾನೆ, ಅಜ್ಜಿ ಚಾಚುತ್ತಾಳೆ, ಚಿಕ್ಕಮ್ಮಂದಿರು ತಮಾಷೆಗೆ ಕಸಿಯಲು ಬರುತ್ತಾರೆ. ಯಾರಿಗೂ ಕೊಡಬಾರದು. ತಾಯಿಯ ಕೈಯಿಂದ ತಂದದ್ದು ತಾಯಿಯ ಕೈಗೆ. ಎರಡು ದಿನದ ಹಿಂದೆ ನಗುತ್ತಾ ಮಾಡಿದ್ದ ಆ ಕೆಲಸ ಈಗ ತ್ರಾಸಿಯ ಬಿಸಿಲಿನಲ್ಲಿ ನನ್ನ ಕುತ್ತಿಗೆಗೆ ಬಂದಿತ್ತು.

"ಇದನ್ನು ನನಗೆ ಕೊಟ್ಟದ್ದು ಇದರ ತಾಯಿ. ಅವಳ ಕೈಗೇ ಕೊಡುವುದು. ಅಲ್ಲಿಯವರೆಗೆ ನೀವು ಹೊಡೆದರೂ ಕೊಡುವುದಿಲ್ಲ" ಎಂದೆ. ಮಗುವನ್ನು ಸೆರಗಿನೊಳಗೆ ಸುತ್ತಿ ಬೆಂಚಿನ ಮೂಲೆಗೆ ಸರಿದೆ. ಪ್ರಾರ್ಥನೆ ಮಾಡಿದೆ. ಜಪಸರದ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ. "ದೇವರೇ, ಒಂದು ಬಸ್ಸು ಕಳಿಸು. ಬೇಗ ಕಳಿಸು" ಎಂದಷ್ಟೇ ಹೇಳಿದೆ.

ಅವನು ಮಗುವನ್ನು ಎಳೆದ. ಮಗು ಕಿರುಚಿತು. ಆಗ ಮಂಜಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇಳಿದು ಬಂದು ಮಧ್ಯೆ ನಿಂತರು. ಇಷ್ಟು ಹೊತ್ತು ಹುಡುಗರು ನನ್ನನ್ನು ನೋಡುತ್ತಿದ್ದ ಅನುಮಾನದ ಕಣ್ಣಿನಲ್ಲೇ ಈಗ ಅವರು ಅವನನ್ನು ನೋಡಿದರು.

"ಅಬ್ಬೆ ಹಿಂದ್ ಬತ್ತಿತ್ ಅಂದ್ರಿ ಅಲ್ದಾ? ಬರ್ಲಿ. ಒಂದ್ ಬಸ್ ಕಾಂಬ. ನಿಮ್ಗೆಂತ ಅಷ್ಟ್ ಅರ್ಜೆಂಟ್?"

ಅವನು ಮಗುವಿನ ರಟ್ಟೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಗುವಿನ ಬೆನ್ನು ತಟ್ಟುತ್ತಾ ಕುಂದಾಪುರದ ದಿಕ್ಕಿಗೇ ಕಣ್ಣು ನೆಟ್ಟು ಕುಳಿತೆ. ಅವಳು ಬಾರದೇ ಹೋದರೆ? ಈ ಮನುಷ್ಯ ನಿಜವಾಗಿಯೂ ಒಳ್ಳೆಯವನಾಗಿದ್ದರೆ? ಅನುಮಾನ ನನ್ನನ್ನೂ ಬಿಡಲಿಲ್ಲ.

ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಹಸಿರು ಬಳೆಯ ಹೆಂಗಸು ಹಾರಿದಳು. ಬಳೆ ಅರ್ಧ ಒಡೆದಿದ್ದವು, ಮೊಣಕೈ ತರಚಿತ್ತು. ಬಿಳಿ ಅಂಗಿಯವನನ್ನು ಕಂಡದ್ದೇ ತಡ, ಅವಳ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಆಮೇಲೆ ನನ್ನ ತೊಡೆಯ ಮೇಲಿದ್ದ ಮಗುವನ್ನು ಕಂಡಳು. ಅಲ್ಲೇ ಕುಸಿದಳು.

"ಕೊಡ್ಲಿಲ್ಲೆ ಅಲ್ದಾ ಅಕ್ಕಾ? ಅವ್ರಿಗ್ ಕೊಡ್ಲಿಲ್ಲೆ ಅಲ್ದಾ?" ಇದನ್ನೇ ಹೇಳುತ್ತಾ ಹೇಳುತ್ತಾ ಅತ್ತಳು. ನಾನು ಎದ್ದು ಹೋಗಿ ಮಗುವನ್ನು ಅವಳ ಕೈಯಲ್ಲಿಟ್ಟೆ.

ಅವನು ಒಂದು ಹೆಜ್ಜೆ ಮುಂದೆ ಬಂದ. ಮಂಜಣ್ಣ ರಸ್ತೆಯ ಕಡೆ ಕೈ ತೋರಿಸಿ "ಹೋಯ್ಕ್ ನೀವ್" ಎಂದರು, ಅಷ್ಟೇ. ಸ್ವಲ್ಪ ಮೊದಲು ನನ್ನ ಚೀಲ ಸುರಿದಿದ್ದ ಹುಡುಗರೇ ಈಗ ಅವನ ಬೈಕಿನ ಸುತ್ತ ನಿಂತಿದ್ದರು. ಅವನು ಬೈಕು ತಿರುಗಿಸಿಕೊಂಡು ಹೋದ. ಹುಡುಗರಲ್ಲೊಬ್ಬ ನನ್ನ ಸೀರೆ, ತಿಂಡಿ, ಮೇಣದ ಬತ್ತಿ ಎಲ್ಲ ಚೀಲಕ್ಕೆ ತುಂಬಿ ತಂದುಕೊಟ್ಟ. ಬಾಟಲಿಯನ್ನೂ ಅಂಗಿಗೆ ಒರೆಸಿ ಹಾಕಿದ್ದ.

ನಾವಿಬ್ಬರೂ ಅದೇ ಬಸ್ಸು ಹತ್ತಿದೆವು. ಅವಳು ತರಚಿದ ಮೊಣಕೈಯನ್ನು ಸೆರಗಿನಿಂದ ಒರೆಸಿಕೊಳ್ಳುವಾಗ ಮಗು ಮತ್ತೆ ನನ್ನ ತೊಡೆಗೇ ಬಂತು. ಮರವಂತೆ ದಾಟುವಾಗ ಅವಳು ಮೆಲ್ಲನೆ ಬಾಯಿಬಿಟ್ಟಳು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. "ನೀ ಹೋಪುದಾರೆ ಹೋಗ್, ಮಗು ಇಲ್ಲೇ ಇರ್ಲಿ" ಎಂದು ಗಂಡನ ಮನೆಯವರು ಹಟ ಹಿಡಿದಿದ್ದರು. ಯಾರಿಗೂ ಹೇಳದೆ ಮಗುವನ್ನು ಎತ್ತಿಕೊಂಡು ಬೈಂದೂರಿನ ತವರಿಗೆ ಹೊರಟಿದ್ದಳು. ಹಸಿರು ಬಳೆ, ದಾರಿಯಲ್ಲಿ ಯಾರೂ ವಿಧವೆಯೆಂದು ಗುರುತು ಹಿಡಿಯದಿರಲಿ ಎಂದು ಹಾಕಿಕೊಂಡದ್ದಂತೆ.

"ಸ್ಟ್ಯಾಂಡಂಗೆ ಭಾವ ಬಂದದ್ ಕಂಡೆ. ನಾ ಹತ್ತುಕೆ ಹೋರೆ ಮಗು ಸಮೇತ ಹಿಡಿತ್ರ್. ಅದ್ಕೆ ಮಗೂನ ಕಿಟಕಿಯಂಗೆ ಕೊಟ್ಟೆ. ಬಸ್ ಹೋಪಲ್ವರಿಗೆ ಅವ್ರ ಅಂಗಿ ಹಿಡ್ಕಂಡ್ ನಿತ್ಕಂಡೆ."

ಅಂದರೆ ಬೇಕೆಂದೇ ಕೊಟ್ಟದ್ದು! ಬಸ್ಸು ತಪ್ಪಿದ್ದಲ್ಲ, ತಪ್ಪಿಸಿಕೊಂಡದ್ದು!

"ಅಲ್ಲ ಮಾರಾಯ್ತಿ, ನಾನು ಯಾರು ಎತ್ತ ಅಂತ ನೋಡದೆ ಕೊಟ್ಟದ್ದಾ? ನಾನು ಮಕ್ಕಳ ಕಳ್ಳಿಯಾಗಿದ್ದರೆ?"

ಅವಳು ಕಣ್ಣೊರೆಸಿಕೊಂಡಳು. "ನಿಮ್ ಮುಖ ಕಾಂಬುಕ್ ಪುರ್ಸೊತ್ ಇಲ್ದಿತ್ ಅಕ್ಕಾ. ಕಿಟಕಿ ಕಂಡಿತ್, ಕೊಟ್ಟೆ. ಮತ್ತೆಲ್ಲ ದೇವ್ರಿಗ್ ಬಿಟ್ಟದ್."

ನನ್ನ ಊರು ಬಂದಾಗ ಇಳಿದೆ. ಹೆಸರು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ಖಾಲಿ ಬಾಟಲಿ ಅತ್ತೆಯ ಕೈಯಲ್ಲಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಕೇಳಿ ಸುಮ್ಮನೆ ಶಿಲುಬೆಯ ಗುರುತು ಹಾಕಿಕೊಂಡರು.

ಚಿಕ್ಕಂದಿನಿಂದ "ದೇವರಲ್ಲಿ ಭರವಸೆ ಇಡು" ಎಂದು ಕೇಳುತ್ತಾ ಬೆಳೆದವಳು ನಾನು. ಭಾನುವಾರದ ಪೂಜೆಗೆ ತಪ್ಪದೆ ಹೋಗುತ್ತೇನೆ, ಉಪವಾಸ ಮಾಡುತ್ತೇನೆ. ಆದರೆ ದೇವರಿಗೆ ಬಿಡುವುದು ಎಂದರೆ ಏನು ಎಂದು, ಇಗರ್ಜಿಯ ಮೆಟ್ಟಿಲು ತುಳಿಯದ ಆ ಹೆಂಗಸಿನಿಂದ ನನಗೆ ತಿಳಿಯಿತು. ಇಂಥದ್ದನ್ನೇ ಕೊಡು ಎಂದು ಅವಳು ದೇವರೊಡನೆ ಚೌಕಾಸಿ ಮಾಡಿರಲಿಲ್ಲ. ಎದೆಯಿಂದ ಕಿತ್ತು ಕೊಟ್ಟಿದ್ದಳು. ಆ ಮಧ್ಯಾಹ್ನ ಅವಳು ಬಿಟ್ಟದ್ದು ಬಂದು ಬಿದ್ದದ್ದು ನನ್ನಂಥ ಅನುಮಾನದವಳ ತೊಡೆಯ ಮೇಲೆ. ನಂಬುವ ಸ್ವಭಾವದವಳಾಗಿದ್ದರೆ ಆ ಬಿಳಿ ಅಂಗಿಯವನನ್ನೂ ನಂಬಿಬಿಡುತ್ತಿದ್ದೆನೇನೋ!

ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಆ ತಾಯಿಯನ್ನೂ ಮಗುವನ್ನೂ ನೆನೆಯುತ್ತೇನೆ. ಆ ದೊಡ್ಡಪ್ಪನಿಗಾಗಿಯೂ ಪ್ರಾರ್ಥಿಸಬೇಕು ಎಂದು ಗೊತ್ತಿತ್ತು, ನಾಲಗೆ ಏಳುತ್ತಿರಲಿಲ್ಲ. ಅವನೂ ತಮ್ಮನನ್ನು ಕಳೆದುಕೊಂಡವನು, ತಮ್ಮನ ಮುಖ ಆ ಮಗುವಿನಲ್ಲಿ ಕಂಡಿರಬಹುದು ಎಂದು ಹೊಳೆಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ಮಗು ಅವನನ್ನು ಕಂಡು ನಕ್ಕದ್ದು ಸುಳ್ಳಲ್ಲವಲ್ಲ. ಈಗ ಅವನನ್ನೂ ನೆನೆಯುತ್ತೇನೆ. ಆದರೆ ಇವತ್ತು ಬಂದು ಕೈ ಚಾಚಿದರೂ ಮಗುವನ್ನು ಅವನಿಗೆ ಕೊಡುವುದಿಲ್ಲ.